ಬಾಯಿಗೆ ಕೂಡುವ ಮಾತು

ಪರದೆಯ ಮೇಲಿನ ಆ ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ತುಟಿಯ ಬಣ್ಣ ಒಂಚೂರೂ ಕದಡಿಲ್ಲ, ಕೆನ್ನೆಗೆ ಬಿದ್ದ ಏಟಿಗೆ ಕೂದಲು ಮಾತ್ರ ಅಂದವಾಗಿ ಹಾರಿ ಹಣೆಯ ಮೇಲೆ ಕೂತಿದೆ, ಏಟು ತಿಂದವರ ಬಾಯಿ ಹೀಗಿರುತ್ತದೆಯೇ, ಭಾನುವಾರ ತಂಗಿಯ ಬಾಯಿ ಹೀಗಿರಲಿಲ್ಲ, ಕೆಳತುಟಿಯ ಒಂದು ತುದಿ ಊದಿಕೊಂಡು ಮಾತು ಅಲ್ಲಿಗೆ ಬಂದು ಎಡವುತ್ತಿತ್ತು — ಕಣ್ಣೀರಮ್ಮಾ, ರೆಡಿನಾ, ಎಂದು ಹೆಡ್‌ಫೋನಿನೊಳಗೆ ಡಬ್ಬಿಂಗ್ ನಿರ್ದೇಶಕನ ದನಿ, ಗಾಜಿನಾಚೆ ಅವನ ಹೆಬ್ಬೆರಳು ಮೇಲೆದ್ದಿದೆ, ಪಕ್ಕದಲ್ಲಿ ಸೌಂಡ್ ಇಂಜಿನಿಯರು ಗುಂಡಿಗಳ ಮೇಲೆ ಬೆರಳಿಟ್ಟು ಕಾದಿದ್ದಾರೆ, ಅವಳು ಮೈಕಿನ ಮುಂದೆ ನಿಂತು ತಲೆಯಾಡಿಸುತ್ತಾಳೆ. ಕಣ್ಣೀರಮ್ಮ ಎಂದು ಹೆಸರಿಟ್ಟವನೂ ಅವನೇ, ಧಾರಾವಾಹಿಯ ಸೊಸೆಯ ಪಾಲಿಗೆ ಇವಳ ಹಾಗೆ ಅಳುವವರು ಇನ್ನೊಬ್ಬರಿಲ್ಲ ಅಂತ, ಆ ನಟಿಗೆ ಮುಖವಿದೆ, ಇವಳಿಗೆ ಗಂಟಲಿದೆ, ಇದಕ್ಕೆ ಕಂಠದಾನ ಅನ್ನುತ್ತಾರೆ, ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಸರಿ, ಕೊಟ್ಟವಳೂ ಎಣಿಸಬಾರದೇನು, ತನ್ನ ದನಿ ಯಾವ ಮಾತನ್ನು ಕಚ್ಚಿಕೊಂಡು ಯಾರ ಮನೆಗೆ ಹೋಯಿತು ಅಂತ. ಮೊದಮೊದಲು ಅವಳಿಗೆ ಸಿಗುತ್ತಿದ್ದದ್ದು ಕೆಟ್ಟ ಹೆಂಗಸರು, ಒಳ್ಳೇ ಹೆಣ್ಣು ಮೂಗಿಂದ ಮಾತಾಡ್ಬೇಕು, ಕೆಟ್ಟವಳು ಹೊಟ್ಟೆಯಿಂದ, ಎಂದು ಕಲಿಸಿದವನೂ ಈ ನಿರ್ದೇಶಕನೇ, ಯಾಕೆ ಅಂತ ಕೇಳುವವಳು, ಆಗಲ್ಲ ಅನ್ನುವವಳು, ತಾನೇ ಕಾರು ಓಡಿಸುವವಳು, ಇವರೆಲ್ಲ ಹೊಟ್ಟೆಯವರು, ಕೊನೆಯ ವಾರ ಜೈಲಿಗೆ ಹೋಗುವವರು, ಅವರಿಗೆ ದನಿ ಕೊಟ್ಟು ಮನೆಗೆ ಹೋದ ಸಂಜೆ ಮೈ ಹಗುರವಾಗಿರುತ್ತಿತ್ತು, ಆಮೇಲೆ ಬಡ್ತಿ ಸಿಕ್ಕಿತು, ಒಳ್ಳೆಯವಳಾದಳು, ಹೊಟ್ಟೆಗೆ ಬೀಗ ಬಿತ್ತು, ಈಗ ಅಂಗಡಿಯವನ ಹತ್ತಿರ ಒಂದು ಸೋಪು ಕೇಳಿದರೂ ಕ್ಷಮೆ ಕೇಳಿದ ಹಾಗೆ ಇರುತ್ತದೆ. ಎದುರಿನ ಹಾಳೆಯಲ್ಲಿ ಇವತ್ತಿನ ಮಾತು ಎರಡೇ ಪದ, ನನ್ನದೇ ತಪ್ಪು, ಬಾಯಿ ತೆರೆಯುತ್ತದೆ, ದೇ ಅನ್ನುವಾಗ ತುಟಿಯ ತುದಿಗಳು ನಕ್ಕ ಹಾಗೆ ಅಗಲವಾಗುತ್ತವೆ, ಪ್ಪು ಅನ್ನುವಾಗ ಮುಚ್ಚಿಕೊಳ್ಳುತ್ತವೆ, ಎಷ್ಟು ಸಲೀಸು, ಇದನ್ನು ನಿದ್ದೆಗಣ್ಣಲ್ಲೂ ಹೇಳಬಲ್ಲಳು, ಹೇಳಿದ್ದಾಳೆ, ಸಂಚಿಕೆ ಸಂಚಿಕೆಗೂ ಹೇಳಿದ್ದಾಳೆ, ಆದರೆ ಇವತ್ತು ಗಂಟಲೇ ಬೇರೆ ಯಾರದೋ ಆಗಿದೆ.

ಭಾನುವಾರ ತಂಗಿಯ ಮನೆಗೆ ಹೋದಾಗಲೂ ಹಾಲ್‌ನಲ್ಲಿ ಇದೇ ಧಾರಾವಾಹಿಯ ಮರುಪ್ರಸಾರ, ತಂಗಿಯ ಅತ್ತೆ ಸೋಫಾದ ತುದಿಗೆ ಬಂದು ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು, ಕೆಟ್ಟವರೇನಲ್ಲ ಆ ಹೆಂಗಸು, ಬಾಮ್ಮಾ ಬಾ, ನಿನ್ನ ದನಿ ಕೇಳಿದ್ರೆ ಕರುಳು ಕಿವುಚುತ್ತೆ ನೋಡು, ನಮ್ಮ ಸೊಸೆಗೂ ಹೇಳ್ತಿರ್ತೀನಿ, ನಿಮ್ಮಕ್ಕನ್ನ ನೋಡಿ ಕಲ್ಕೋ, ತಗ್ಗಿ ನಡೆದ್ರೆ ಮನೆ ನಿಲ್ಲುತ್ತೆ ಅಂತ — ಹೊಗಳಿಕೆ ಅಂದುಕೊಂಡು ನಕ್ಕಳು, ನಕ್ಕೇಬಿಟ್ಟಳಲ್ಲ, ಆ ನಗು ಈಗಲೂ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡಿದೆ. ಅಡುಗೆಮನೆಯಲ್ಲಿ ತಂಗಿ ಸಿಂಕಿಗೆ ಮುಖ ಮಾಡಿ ಲೋಟ ತೊಳೆಯುತ್ತಿದ್ದಾಳೆ, ತೊಳೆದದ್ದನ್ನೇ ತೊಳೆಯುತ್ತಿದ್ದಾಳೆ, ಭುಜ ಹಿಡಿದು ತಿರುಗಿಸಿದರೆ ಆ ಬಾಯಿ, ಏನಾಯ್ತೇ, ಏನಿಲ್ಲಕ್ಕಾ ಕಪಾಟಿನ ಬಾಗಿಲು ತಾಗ್ತು, ಯಾವ ಕಪಾಟಿಗೇ ಐದು ಬೆರಳಿರುತ್ತೆ, ಆಗ ತಂಗಿ ನೀರು ನಿಲ್ಲಿಸಿದಳು. ಅವಳು, ಸೈಕಲ್ ಕಸಿದುಕೊಂಡ ಎದುರುಮನೆ ಹುಡುಗನ ಕೈ ಕಚ್ಚಿ ಬಂದವಳು, ಅವನ ಅಮ್ಮ ಜಗಳಕ್ಕೆ ಬಂದರೆ ಅವರ ಎದುರಿಗೂ ನಿಂತು ಇನ್ನೊಂದು ಸಲ ಕಚ್ತೀನಿ ಅಂದವಳು, ಬಾಯಿದ್ದವಳು ಬರಗಾಲದಲ್ಲೂ ಬದುಕ್ತಾಳೆ ಬಿಡು ಎಂದು ಅಮ್ಮ ಬೈಯುತ್ತಲೇ ಹೆಮ್ಮೆಪಟ್ಟ ಆ ಹುಡುಗಿ, ತಲೆ ತಗ್ಗಿಸಿ ಹೇಳಿದ್ದು ನನ್ನದೇ, ಒಂದು ಅರ್ಧ ಉಸಿರು, ತಪ್ಪು ಅಕ್ಕಾ, ಇವರಿಗೆ ಎದುರು ಮಾತಾಡಿಬಿಟ್ಟೆ. ಆ ಅರ್ಧ ಉಸಿರು. ಅದು ತಂಗಿಯದಲ್ಲ, ಅದು ನನ್ನದು, ನೆಗಡಿಯಾಗಿದ್ದ ಒಂದು ದಿನ ಇದೇ ಮೈಕಿನ ಮುಂದೆ ತಾನಾಗಿ ಹುಟ್ಟಿದ್ದು, ನಿರ್ದೇಶಕ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದ್ದ, ಅದನ್ನೇ ಇಟ್ಕೋಮ್ಮಾ, ಮನೆಮನೆಯಲ್ಲೂ ಅಳ್ತಾರೆ ಅಂದಿದ್ದ, ಬಾಯಿಹರಕೆ ಅಂದರೆ ಇದು, ಮನೆಮನೆಯನ್ನೂ ಸುತ್ತಿ ಬಂದು ನಮ್ಮ ಮನೆಯನ್ನೇ ಹೊಕ್ಕಿತು.

ಹೂಂ, ತಗೋಳ್ಳೋಣ, ಪರದೆಯಲ್ಲಿ ಗಂಡನ ಕೈ ಏಳುತ್ತದೆ, ಕೂದಲು ಹಾರುತ್ತದೆ, ಬಾಯಿ ತೆರೆಯುತ್ತದೆ, ಅವಳ ಬಾಯಿಯೂ ತೆರೆಯುತ್ತದೆ — ನಂದಲ್ಲ ತಪ್ಪು. ಹೊಟ್ಟೆಯಿಂದ ಬಂತು. ಎಷ್ಟೋ ವರ್ಷದಿಂದ ಮುಚ್ಚಿದ್ದ ಕೋಣೆಯ ಬಾಗಿಲು ತೆಗೆದ ಹಾಗೆ ದೊರಗು ದೊರಗಾಗಿ ಬಂತು, ಹೆಡ್‌ಫೋನಿನಲ್ಲಿ ತನ್ನದೇ ದನಿ ಕೇಳಿ ಅವಳೇ ಒಂದು ಹೆಜ್ಜೆ ಹಿಂದೆ ಸರಿದಳು. ಗಾಜಿನಾಚೆ ನಿರ್ದೇಶಕ ನಕ್ಕ, ಏನಮ್ಮಾ, ಅಳೋದ್ ಬಿಟ್ಟು ತಮಾಷೆ ಮಾಡ್ತಿದ್ದೀರಾ, ಇಂಜಿನಿಯರು ಮಾತ್ರ ಅದನ್ನು ಇನ್ನೊಮ್ಮೆ ಹಾಕಿ ನೋಡಿ ಕತ್ತು ಓರೆ ಮಾಡಿದರು, ಲಿಪ್ ಕೂಡುತ್ತೆ ಸಾರ್, ಹೇಳಿ ಮಾಡಿಸಿದ ಹಾಗಿದೆ, ದೇ ಇರೋ ಕಡೆ ಬಾಯಿ ಸ್ವಲ್ಪ ಅಗಲ, ಇವರು ಲ್ಲ ಅಂದಿದ್ದಾರೆ, ಅಷ್ಟೇ ವ್ಯತ್ಯಾಸ, ಯಾರಿಗೂ ಗೊತ್ತಾಗಲ್ಲ. ಗೊತ್ತಾಗಬೇಕು, ಅಂದಳು ಅವಳು, ಎಲ್ಲರಿಗೂ ಗೊತ್ತಾಗಬೇಕು ಅಂತಲೇ ಹೇಳಿದ್ದು. ನಿರ್ದೇಶಕನ ನಗು ಇಳಿಯಿತು, ನೋಡಮ್ಮಾ, ಇದನ್ನ ನೋಡೋರೇ ಹೆಂಗಸರು, ಅವರಿಗೆ ಇದೇ ಇಷ್ಟ, ನಾವೇನು ಬಾಗಿಲು ಒಡ್ಕೊಂಡ್ ಹೋಗಿ ತೋರಿಸ್ತಿದೀವಾ — ದಿನಾ ತಟ್ಟೆಗೆ ಒಂದನ್ನೇ ಬಡಿಸಿ, ಅದೇ ಇಷ್ಟ ಅವರಿಗೆ ಅಂದ್ರೆ ಹೇಗೆ ಸರ್ — ಮಾತು ಕಲ್ತುಬಿಟ್ರಲ್ಲ, ಅಂದ ಅವನು, ಹೌದು ಸರ್, ಮರೆತುಹೋಗಿತ್ತು, ಅಂದಳು, ದನಿ ನಡುಗಲಿಲ್ಲ, ಜೀವಮಾನವೆಲ್ಲ ಬೇಕೆಂದಾಗ ದನಿ ನಡುಗಿಸಿದವಳಿಗೆ ನಡುಗದ ಹಾಗೆ ನಿಲ್ಲಿಸುವುದು ಗೊತ್ತಿರುವುದಿಲ್ಲವೇ. ನೀವು ಹೇಳದಿದ್ರೆ ಬಿಡಿ, ನಿಮ್ಮ ಹಳೇ ಅಳು ನಮ್ಮ ಕಂಪ್ಯೂಟರಲ್ಲಿ ಡ್ರಮ್ಮುಗಟ್ಟಲೆ ಬಿದ್ದಿದೆ, ಅದನ್ನೇ ಅಂಟಿಸ್ತೀನಿ, ಅಂದ. ಅದು ನಿಜ, ಅಂಟಿಸುತ್ತಾನೆ, ಇವತ್ತಿನ ಸಂಚಿಕೆಯಲ್ಲೂ ನಾಳೆಯದರಲ್ಲೂ ನಾನು ಅಳುತ್ತೇನೆ, ನಾನು ಸತ್ತ ಮೇಲೂ ಅಳುತ್ತಿರುತ್ತೇನೆ, ಆದರೂ ಹೆಡ್‌ಫೋನ್ ತೆಗೆದು ಕೊಂಡಿಗೆ ಸಿಕ್ಕಿಸಿ ಮೈಕಿಗೇ ಬಾಯಿಟ್ಟು ಹೇಳಿದಳು, ಇರೋದನ್ನ ಇಟ್ಕೊಳ್ಳಿ ಸರ್, ಹೊಸದು ಇನ್ನು ಹುಟ್ಟಲ್ಲ, ಕೆಟ್ಟ ಹೆಂಗಸರು ಬಂದಾಗ ಕರೀರಿ, ಬರ್ತೀನಿ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು, ಹೊರಗೆ ಕಟ್ಟಡದಷ್ಟು ಎತ್ತರದ ಜಾಹೀರಾತಿನಲ್ಲಿ ಒಬ್ಬಳು ಬಟ್ಟೆಯ ಕಲೆ ಹೋಯಿತೆಂದು ನಗುತ್ತಿದ್ದಾಳೆ, ಅದೂ ಒಂದು ಬಾಯಿ, ಅದರ ಹಿಂದೆ ಯಾರ ಗಂಟಲೋ, ನಾಳೆಯಿಂದ ಏನು ಮಾಡುವುದು ಗೊತ್ತಿಲ್ಲ, ಹಸಿವಾಗುತ್ತಿದೆ, ನಿಜವಾದ ಹಸಿವು, ಹೊಟ್ಟೆ ಇದ್ದಲ್ಲೇ ಇದೆ. ತಂಗಿಗೆ ವಿಡಿಯೋ ಕರೆ ಮಾಡಿದಳು, ಎರಡು ಸಲ ಎತ್ತಲಿಲ್ಲ, ಮೂರನೆಯ ಸಲ ಅಡುಗೆಮನೆಯ ಗೋಡೆ, ಮಿಕ್ಸಿ, ಆಮೇಲೆ ಆ ಮುಖ, ಊತ ಇಳಿದು ತುದಿ ನೀಲಿಯಾಗಿದೆ, ಅಕ್ಕಾ ಮೆತ್ತಗೆ ಮಾತಾಡು, ಅತ್ತೆ ಹಾಲ್‌ನಲ್ಲಿದ್ದಾರೆ, ಧಾರಾವಾಹಿ ಶುರುವಾಗೋ ಹೊತ್ತು. ಬಸ್ಸಲ್ಲಿದ್ದೀನಿ ಕಣೇ, ನಿಮ್ಮನೆಗೇ ಬರ್ತಾ ಇದ್ದೀನಿ, ಬಟ್ಟೆ ತುಂಬ್ಕೊಂಡಿರು, ಬರೋದು ಬಿಡೋದು ನಿನ್ನಿಷ್ಟ, ನಾನಂತೂ ಬಾಗಿಲಲ್ಲಿರ್ತೀನಿ, ಮತ್ತೆ ಭಾನುವಾರ ನೀನು ಹೇಳಿದ್ಯಲ್ಲ, ಅದು ನಿನ್ನ ಮಾತಲ್ಲ, ನಂದು, ಡಬ್ಬಿಂಗಿಂದು, ವಾಪಸ್ ತಗೊಂಡಿದೀನಿ, ನಂದಲ್ಲ ತಪ್ಪು ಅನ್ನು, ಒಂದು ಸಲ ಅನ್ನೇ. ಪಕ್ಕದ ಸೀಟಿನ ಹೆಂಗಸು ಕಿಟಕಿ ನೋಡುವವರ ಹಾಗೆ ನಟಿಸುತ್ತ ಕಿವಿಯನ್ನೆಲ್ಲ ಇತ್ತ ಕೊಟ್ಟಿದ್ದಾರೆ, ಕೇಳಲಿ. ತಂಗಿ ಹಾಲ್ ಕಡೆ ತಿರುಗಿ ನೋಡಿದಳು, ಫೋನನ್ನು ಹತ್ತಿರ ತಂದಳು, ಪರದೆಯ ತುಂಬ ಬಾಯಿ, ದನಿಯಿಲ್ಲದೆ ಅಲುಗಿತು, ದನಿಯಿಲ್ಲದ ಬಾಯಿಗಳನ್ನು ಓದುವುದೇ ಕಸುಬಾದವಳು ಕಣ್ಣು ಕಿರಿದು ಮಾಡಿದಳು, ಬಸ್ಸು ಕುಲುಕಿತು, ಚಿತ್ರ ಚೂರುಚೂರಾಗಿ ಅಲ್ಲೇ ನಿಂತುಬಿಟ್ಟಿತು, ದೇ ಅಂದಿದ್ದರೆ ತುದಿಗಳು ಅಗಲವಾಗಬೇಕಿತ್ತು, ಆಗಿಲ್ಲ, ನಾಲಿಗೆಯ ತುದಿ ಲ್ಲ ಅನ್ನುವಾಗಿನ ಹಾಗೆ ಮೇಲಿನ ಹಲ್ಲಿನ ಹಿಂದೆ ಇದೆ, ಬಾಯಿ, ನೀಲಿ ತುದಿಯ ಆ ಬಾಯಿ, ತೆರೆದೇ ಇದೆ.