ದಾರದ ಆ ತುದಿ

"ಕೆಮ್ಮು ಮುಗೀತು ಮೇಷ್ಟ್ರೇ. ಈ ವರ್ಷ ರಕ್ತದೊತ್ತಡ," ಎನ್ನುತ್ತ ಆರೋಗ್ಯ ಇಲಾಖೆಯ ಮೇಡಂ ಹೊಸ ಬರಹದ ಹಾಳೆಯನ್ನು ಮೇಜಿನ ಮೇಲೆ ಸರಿಸಿದರು.

ಗೆರೆ ಮೇಷ್ಟ್ರು ಹಾಳೆಯನ್ನು ಮುಟ್ಟಲಿಲ್ಲ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ; ಗೋಡೆಗಳ ಮೇಲೆ ಸರ್ಕಾರದ ಆರೋಗ್ಯದ ಬರಹಗಳನ್ನು ಬರೆಯುವ ಪೇಂಟರ್. ಅವರು ಹೊಡೆದ ಗೆರೆ ಕೂದಲೆಳೆಯಷ್ಟೂ ಓರೆಯಾಗುವುದಿಲ್ಲ ಎಂದು ಯಾರೋ ತಮಾಷೆಗೆ ಇಟ್ಟ ಹೆಸರು ಅಂಟಿಕೊಂಡು, ಈಗ ಸ್ವಂತ ಹೆಸರು ಹಿಡಿದು ಕರೆದರೆ ಅವರೇ ತಿರುಗಿ ನೋಡುವುದು ಅನುಮಾನ.

ವರ್ಷಕ್ಕೊಂದು ಆದ್ಯತೆ. ಒಂದು ವರ್ಷ ಕೈ ತೊಳೆಯುವುದು, ಇನ್ನೊಂದು ವರ್ಷ ಸೊಳ್ಳೆ, ಹೋದ ವರ್ಷ ಕೆಮ್ಮು, ಅಂದರೆ ಕ್ಷಯ. ರಾಜ್ಯದ ದೊಡ್ಡವರು ಎಲ್ಲೋ ಕುಳಿತು ತೀರ್ಮಾನ ಮಾಡುತ್ತಾರೆ. ಅದು ಮಹಡಿಯಿಂದ ಮಹಡಿಗೆ, ಮೇಜಿನಿಂದ ಮೇಜಿಗೆ ಇಳಿದಿಳಿದು ಕೊನೆಗೆ ಮೇಷ್ಟ್ರ ಬ್ರಷ್ಷಿನ ತುದಿಗೆ ಬಂದು ನಿಲ್ಲುತ್ತದೆ. ಹಳೆಯದಕ್ಕೆ ಸುಣ್ಣ, ಸುಣ್ಣದ ಮೇಲೆ ಹೊಸದು. ವರ್ಷ ಮುಗಿಯಿತೆಂದು ರೋಗಗಳೇನೂ ಗಂಟುಮೂಟೆ ಕಟ್ಟುವುದಿಲ್ಲ ನಿಜ. ಆದರೆ ಊರಿನಲ್ಲಿ ಗೋಡೆಗಳಿರುವುದೇ ಅಷ್ಟು, ಏನು ಮಾಡುವುದು!

ಮೇಡಂ ಹಿಂದಿನ ಗೋಡೆಯಲ್ಲಿ ವಾರ್ಷಿಕ ಪ್ರಗತಿಯ ದೊಡ್ಡ ನಕ್ಷೆ ತೂಗುತ್ತಿತ್ತು. ಬಣ್ಣಬಣ್ಣದ ಕಂಬಗಳು. ಕೆಮ್ಮಿನ ಕಂಬ ಗುರಿಯ ಗೆರೆಯನ್ನು ದಾಟಿ ಮೇಲೆ ಹೋಗಿತ್ತು. ಅದರ ಕೆಳಗೆ 'ಹೊಸದಾಗಿ ಪತ್ತೆಯಾದವರು' ಎಂದು ಬರೆದಿತ್ತು.

"ಇಡೀ ರಾಜ್ಯದಲ್ಲಿ ನಮ್ಮದೇ ಮುಂದೆ," ಎಂದರು ಮೇಡಂ. "ನಾಡಿದ್ದು ಪರಿಶೀಲನಾ ಸಭೆ ಇದೆ. ನಿಮ್ಮ ಗೋಡೆಗಳಿಗೂ ಅದರಲ್ಲಿ ಪಾಲಿದೆ ಮೇಷ್ಟ್ರೇ, ಸುಮ್ನೆ ಹೇಳ್ತಿಲ್ಲ."

ಮೇಷ್ಟ್ರು ಆ ಕಂಬವನ್ನೇ ನೋಡುತ್ತಿದ್ದರು. "ಅದ್ರಲ್ಲಿ ನಮ್ಮನೆಯವಳೂ ಇದ್ದಾಳಾ ಮೇಡಂ?"

ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಮತ್ತೆ ಹಾಕಿದರು. ಮೇಷ್ಟ್ರ ಹೆಂಡತಿ ತೀರಿಕೊಂಡಾಗ ಮನೆಗೆ ಬಂದು ಹೋದವರು ಅವರು. "ಇದ್ದಾರೆ," ಎಂದರು. "ಪತ್ತೆಯಾಗಿತ್ತಲ್ಲ, ಹಾಗಾಗಿ ಲೆಕ್ಕಕ್ಕೆ ಬರ್ತಾರೆ."

"ಸರಿ ಬಿಡಿ."

ಆಮೇಲೆ ಮೇಷ್ಟ್ರು ತಾವು ಬಂದ ವಿಷಯವನ್ನೇ ಕೇಳಿದರು. ಎಲ್ಲಾ ಗೋಡೆಗಳನ್ನೂ ಬಳಿಯುತ್ತೇನೆ, ಮಾರುಕಟ್ಟೆಯ ಗೋದಾಮಿನ ಗೋಡೆಯೊಂದನ್ನು ಮಾತ್ರ ಹಾಗೇ ಬಿಡಬಹುದೇ ಎಂದು. ಮೇಡಂಗೆ ಅರ್ಥವಾಗಲಿಲ್ಲ. ಆ ಗೋಡೆಯ ಕೊನೆಯ ಸಾಲು ಓರೆ ಇದೆ, ನೋಡಿದವರು ನಗುತ್ತಾರೆ, ಅದನ್ನೇ ಮೊದಲು ಬಳಿಯಬೇಕು ಎಂದರು. ದೊಡ್ಡ ಸಾಹೇಬರ ಕಾರು ಬರುವುದೂ ಅದೇ ರಸ್ತೆಯಲ್ಲಿ.

"ಅದೊಂದು ಇದ್ರೆ ಯಾರಿಗೇನು ತೊಂದ್ರೆ ಮೇಡಂ?"

"ನಂಗೇನೂ ಇಲ್ಲ ಮೇಷ್ಟ್ರೇ. ಹೋದ ವರ್ಷದ್ದು ಇನ್ನೂ ಇದ್ರೆ ಈ ವರ್ಷ ಕೆಲ್ಸಾನೇ ಮಾಡಿಲ್ಲ ಅಂತಾರೆ, ಅಷ್ಟೆ. ನಿಮ್ಗೆ ಕಷ್ಟ ಆದ್ರೆ ಬೇರೆ ಯಾರ ಕೈಲಾದ್ರೂ ಬಳಿಸ್ತೀನಿ."

ಬೇರೆಯವರ ಕೈ ಎಂದ ಕೂಡಲೇ ಮೇಷ್ಟ್ರು ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡರು. "ಬೇಡ, ನಾನೇ ಮಾಡ್ತೀನಿ," ಎಂದರು.

ಗೋಡೆಯ ಮೇಲೆ ಬರೆಯುವವರಿಗೆ ಬ್ರಷ್ಷಿಗಿಂತ ಮುಖ್ಯವಾದದ್ದು ದಾರ. ದಾರಕ್ಕೆ ನೀಲಿ ಪುಡಿ ಸವರಿ, ಈ ತುದಿ ಒಬ್ಬರು ಆ ತುದಿ ಒಬ್ಬರು ಬಿಗಿಯಾಗಿ ಹಿಡಿದು, ಮಧ್ಯದಲ್ಲಿ ಎಳೆದು ಬಿಟ್ಟರೆ ಗೋಡೆಯ ಮೇಲೆ ನೆಟ್ಟಗೆ ಗೆರೆ ಮೂಡುತ್ತದೆ. ಅಕ್ಷರಗಳು ಕೂರುವುದು ಆ ಗೆರೆಯ ಮೇಲೆ. ಮದುವೆಯಾದ ಹೊಸದರಿಂದಲೂ ಮೇಷ್ಟ್ರ ದಾರದ ಆ ತುದಿ ಹೆಂಡತಿಯ ಕೈಯಲ್ಲಿತ್ತು. ಸುಣ್ಣ ಕಲಸುವುದು, ಏಣಿ ಹಿಡಿಯುವುದು, ಬ್ರಷ್ ತೊಳೆಯುವುದು, ಎಲ್ಲವೂ ಅವರದೇ. ಓದು ಮಾತ್ರ ಬರುತ್ತಿರಲಿಲ್ಲ. 'ನೀವು ಬರ್ದಿದ್ರಲ್ಲಿ ನಂಗೆ ಗೊತ್ತಾಗೋದು ಬಣ್ಣ ಒಂದೇ' ಎಂದು ನಗುತ್ತಿದ್ದರು.

ಆ ಮನೆಯಲ್ಲಿ ಕೆಮ್ಮು ಹೊಸತಲ್ಲ. ಹಿತ್ತಿಲಿನಲ್ಲಿ ಸುಣ್ಣದ ಪುಡಿ, ಒಳಗೆ ಬೋರ್ಡು ಬರೆಯುವ ಬಣ್ಣ, ಅದಕ್ಕೆ ಹಾಕುವ ಟರ್ಪೆಂಟೈನಿನ ಘಾಟು. ಮೇಷ್ಟ್ರ ಅಪ್ಪನೂ ಪೇಂಟರ್, ಅವರೂ ಬದುಕಿದ್ದಷ್ಟು ದಿನ ಕೆಮ್ಮಿಕೊಂಡೇ ಇದ್ದರು, ಕೊನೆಗೆ ಹೋಗಿದ್ದು ಮೆಟ್ಟಿಲಿನಿಂದ ಬಿದ್ದು. ಹಾಗಾಗಿ ಹೋದ ವರ್ಷ ಹೆಂಡತಿ ಕೆಮ್ಮಲು ಶುರುಮಾಡಿದಾಗ ಮೇಷ್ಟ್ರು ಟರ್ಪೆಂಟೈನ್ ಡಬ್ಬಿಯನ್ನು ಒಳಗಿನಿಂದ ತೆಗೆದು ಹಿತ್ತಿಲಿನಲ್ಲಿಟ್ಟರು. ಅವರ ಮಟ್ಟಿಗೆ ಅದೇ ಚಿಕಿತ್ಸೆ. ಹೆಂಡತಿ ಸೊರಗಿದಾಗ ಬೇಸಿಗೆ ಎಂದರು, ಸಂಜೆ ಮೈ ಬಿಸಿಯಾದಾಗ ಬಿಸಿಲಲ್ಲಿ ನಿಂತಿದ್ದಕ್ಕೆ ಎಂದರು. ಎಲ್ಲದಕ್ಕೂ ಅವರ ಹತ್ತಿರ ಒಂದೊಂದು ಉತ್ತರ ಸಿದ್ಧವಾಗಿತ್ತು. ಹಗಲೆಲ್ಲ ಊರ ಗೋಡೆಗಳ ಮೇಲೆ 'ಎರಡು ವಾರ ದಾಟಿದ ಕೆಮ್ಮೇ?' ಎಂದು ಬರೆಯುತ್ತಿದ್ದ ಮನುಷ್ಯ! ಆದರೆ ಬರೆಯುವಾಗ ಅವರು ಓದುತ್ತಿದ್ದದ್ದು ಯಾವಾಗ? ಒತ್ತು ಸರಿಯಾಗಿ ಕೂತಿತೇ, ಕೊಂಬಿಗೆ ಜಾಗ ಸಾಲುತ್ತದೆಯೇ, ಕಣ್ಣು ಅಷ್ಟನ್ನೇ ನೋಡುತ್ತಿತ್ತು.

ಗೋದಾಮಿನ ಗೋಡೆ ಬರೆದ ದಿನ ಕೆಲಸ ತಡವಾಗಿತ್ತು. ಕೊನೆಯ ಸಾಲಿಗೆ ದಾರ ಹಿಡಿದು, ಮೇಷ್ಟ್ರು ಎಳೆದು ಬಿಡುವ ಹೊತ್ತಿಗೆ ಸರಿಯಾಗಿ ಆ ತುದಿಯಲ್ಲಿ ಕೆಮ್ಮು ಬಂತು. ಕೈ ಜಾರಿತು. ಗೆರೆ ಬಲಗಡೆಗೆ ಹೋಗುತ್ತ ಹೋಗುತ್ತ ಕೆಳಗಿಳಿದುಬಿಟ್ಟಿತು.

"ಒಂದು ದಾರ ಹಿಡಿಯೋಕೆ ಬರಲ್ವಾ ನಿಂಗೆ? ಒಂದು ಗಳಿಗೆ ತಡ್ಕೊಳಕ್ಕಾಗಲ್ವಾ?"

"ತಡ್ಕೊಂಡೆ ಕಣ್ರೀ, ಆಗ್ಲಿಲ್ಲ."

ಹೊಸ ಸುಣ್ಣದ ಮೇಲೆ ಬಿದ್ದ ನೀಲಿ ಒರೆಸಿದರೆ ರಾಡಿಯಾಗುತ್ತದೆ. ಬೆಳಕೂ ಹೋಗುತ್ತಿತ್ತು. ಸಿಟ್ಟಿನಲ್ಲೇ ಮೇಷ್ಟ್ರು ಆ ಓರೆ ಗೆರೆಯ ಮೇಲೇ 'ಪೂರ್ತಿ ವಾಸಿಯಾಗುತ್ತದೆ' ಎಂದು ಬರೆದು ಮುಗಿಸಿದರು.

ಹೆಂಡತಿ ಕೆಳಗೆ ಕುಳಿತು ಬ್ರಷ್ ತೊಳೆಯುತ್ತಿದ್ದರು. ಬೈಸಿಕೊಂಡ ಮೇಲೆ ರಾಜಿಗೆ ಬರುವಾಗ ಏನಾದರೊಂದು ಕೇಳುವುದು ಅವರ ಅಭ್ಯಾಸ. ತಲೆಯೆತ್ತಿ ಗೋಡೆ ನೋಡಿ, "ಚೆನ್ನಾಗಿ ಬಂದಿದೆ. ಏನ್ರೀ ಬರ್ದಿರೋದು ಅದ್ರಲ್ಲಿ?" ಎಂದರು.

"ಏನೋ ಸರ್ಕಾರದ್ದು. ನಿಂಗ್ಯಾಕೆ ಅದು? ಬೇಗ ತೊಳಿ."

ಅವರು ಬೇಗ ಬೇಗ ತೊಳೆದರು.

ಆಸ್ಪತ್ರೆಗೆ ಹೋಗುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಕಫದಲ್ಲಿ ರಕ್ತ ಕಂಡಿದ್ದಕ್ಕೆ ಮಗಳು ಎಳೆದುಕೊಂಡು ಹೋದಳು. ಡಾಕ್ಟರು ಒಳ್ಳೆಯವರು, ಯಾರನ್ನೂ ಬೈಯಲಿಲ್ಲ; ಸ್ವಲ್ಪ ಮುಂಚೆ ಬಂದಿದ್ದರೆ ಚೆನ್ನಾಗಿತ್ತು ಎಂದಷ್ಟೇ ಹೇಳಿದರು. ಮಗಳೂ ಜಗಳ ಮಾಡಲಿಲ್ಲ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕುಳಿತಿದ್ದಾಗ, ಎದುರು ಗೋಡೆಯಲ್ಲಿದ್ದ ಅಪ್ಪನದೇ ಅಕ್ಷರಗಳನ್ನು ನೋಡಿ, "ನೀನೇ ಬರ್ದಿದ್ದಲ್ಲಪ್ಪಾ," ಎಂದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಮೇಷ್ಟ್ರಿಗೆ ಆ ಮಾತು ಇವತ್ತಿಗೂ ಊಟದ ಮಧ್ಯೆ, ಬಸ್ಸಿನ ಮಧ್ಯೆ ಕೇಳಿಸುತ್ತದೆ.

ಹೆಂಡತಿ ಹೋದ ಮೇಲೆ ದಾರದ ಆ ತುದಿಗೆ ಒಂದು ಮೊಳೆ. ಮಗಳು ರಜೆಯ ದಿನ ಬಂದು ಹಿಡಿಯುತ್ತೇನೆಂದರೂ ಬೇಡ ಎಂದುಬಿಟ್ಟರು. ಮೊಳೆ ಮಾತಾಡುವುದಿಲ್ಲ, ಕೆಮ್ಮುವುದಿಲ್ಲ, ಏನು ಬರೆದಿದೆ ಎಂದು ಕೇಳುವುದೂ ಇಲ್ಲ. ಗೆರೆಗಳೆಲ್ಲ ಚಾಚೂತಪ್ಪದೆ ನೆಟ್ಟಗೆ ಬರುತ್ತಿದ್ದವು. ಎಷ್ಟು ನೆಟ್ಟಗೆ ಬರುತ್ತಿದ್ದವೋ ಮೇಷ್ಟ್ರಿಗೆ ಕೆಲಸ ಅಷ್ಟೇ ಬೇಸರವಾಗುತ್ತಿತ್ತು.

ಮೇಡಂ ಹಾಳೆ ಕೊಟ್ಟ ಮರುದಿನ ಬೆಳಗ್ಗೆ ಅವರು ಗೋದಾಮಿನ ಗೋಡೆಗೆ ಏಣಿ ಒರಗಿಸಿದರು. ಹೊರಡುವಾಗ ಮಗಳು ಫೋನಿನಲ್ಲಿ, "ಅಪ್ಪಾ, ಆ ಗೋಡೆಗೆ ನೀನು ಹೋಗ್ಬೇಡ," ಎಂದಿದ್ದಳು. ಹೂಂ ಎಂದು ಹೇಳಿ ನೇರವಾಗಿ ಬಂದಿದ್ದರು. ಇಷ್ಟು ತಿಂಗಳಲ್ಲಿ ಈ ರಸ್ತೆಯಲ್ಲಿ ಹೋಗಬೇಕಾದಾಗಲೆಲ್ಲ ಸುತ್ತು ಹಾಕಿದ್ದರು. ಈಗ ಎದುರಿಗೆ ನಿಂತು ನೋಡಿದರೆ ಕೊನೆಯ ಸಾಲು ಅಂದುಕೊಂಡಷ್ಟು ಓರೆಯಿರಲಿಲ್ಲ. ಶುರುವಿನಲ್ಲಿ ಸರಿಯಾಗೇ ಇತ್ತು. ಕೊನೆಕೊನೆಗೆ, ನಡೆದು ಸುಸ್ತಾದವರು ಕೂರಲು ಜಾಗ ಹುಡುಕಿದ ಹಾಗೆ, ಮೆಲ್ಲಗೆ ಕೆಳಗಿಳಿದಿತ್ತು. ಇಡೀ ಊರಿನ ಗೋಡೆಗಳಲ್ಲಿ ಹೆಂಡತಿಯ ಕೈ ಕಾಣುವುದು ಇಲ್ಲಿ ಮಾತ್ರ. ಉಳಿದ ಕಡೆಯೆಲ್ಲ ಆ ಕೈ ಸರಿಯಾಗಿ ಕೆಲಸ ಮಾಡಿತ್ತು, ಆದ್ದರಿಂದ ಕಾಣುವುದಿಲ್ಲ.

ಸುಣ್ಣವನ್ನು ಗಟ್ಟಿಯಾಗಿ ಕಲಸಿದರು, ಎರಡನೇ ಸಲ ಬಳಿಯುವುದು ಅವರಿಂದ ಆಗದ ಮಾತು. ಮೇಲಿನಿಂದ ಶುರುಮಾಡಿ, ಎಲ್ಲೂ ನಿಲ್ಲಿಸದೆ, ಕೊನೆಯ ಸಾಲು ಬಂದಾಗ ಗೋಡೆ ನೋಡದೆ ಬಕೆಟ್ ನೋಡಿಕೊಂಡು ಬಳಿದರು. ಮುಗಿಸಿ ಹಿಂದೆ ಸರಿದರೆ ಎಲ್ಲಾ ಅಕ್ಷರಗಳೂ ಹಾಗೇ ಇದ್ದವು. ಹಸಿ ಸುಣ್ಣದ ಗುಣವೇ ಅದು. ಬಳಿದಾಗ ಏನೂ ಮುಚ್ಚುವುದಿಲ್ಲ, ಒಣಗುತ್ತ ಒಣಗುತ್ತ ಬೆಳ್ಳಗಾಗುತ್ತದೆ. ಅವರು ನೆರಳಿಗೆ ಹೋಗಿ ಕಾಯುತ್ತ ಕುಳಿತರು.

ಗೋದಾಮಿನ ಜಗಲಿಯಲ್ಲಿ ಹರಿದ ಗೋಣಿಚೀಲಗಳನ್ನು ಹೊಲಿಯುವ ಹೆಂಗಸೊಬ್ಬಳಿದ್ದಳು. ಮಗಳ ವಯಸ್ಸಿನವಳು. ದಬ್ಬಳವನ್ನು ಚೀಲಕ್ಕೆ ಸಿಕ್ಕಿಸಿ, ಒಂದು ಲೋಟ ನೀರು ತಂದುಕೊಟ್ಟಳು.

"ಇಷ್ಟು ಚೆನ್ನಾಗಿದ್ದಿದ್ದನ್ನ ಯಾಕಣ್ಣಾ ಅಳಿಸ್ತೀರಾ?"

"ಹೊಸದು ಬರೀಬೇಕಮ್ಮಾ."

"ಹೋದ ವರ್ಷದಿಂದ ದಿನಾ ಇದರ ಕೆಳಗೇ ಕೂತ್ಕೊತೀನಿ," ಎಂದಳು ಅವಳು. ಇನ್ನೇನೋ ಹೇಳಹೊರಟವಳಿಗೆ ಕೆಮ್ಮು ಬಂತು. ಸೆರಗು ಬಾಯಿಗಿಟ್ಟುಕೊಂಡು, ಆ ಕಡೆ ತಿರುಗಿ, ಕೆಮ್ಮಿ ಮುಗಿಸಿ, ಕಣ್ಣೊರೆಸಿಕೊಂಡು ನಕ್ಕಳು. "ಈ ಗೋಣಿ ಧೂಳು ಅಣ್ಣಾ, ಇಲ್ಲಿ ಎಲ್ರೂ ಕೆಮ್ಮೋರೇ. ನಂಗೆ ಓದೋಕೆ ಬರಲ್ಲ, ಯಾರ್ನಾದ್ರೂ ಕೇಳ್ಬೇಕು ಅಂತ ಅಂದ್ಕೊತಾನೇ ಇದ್ದೆ. ಏನು ಬರ್ದಿತ್ತು ಅದ್ರಲ್ಲಿ?"

ಮೇಷ್ಟ್ರು ಲೋಟವನ್ನು ಕೆಳಗಿಟ್ಟರು. ಅವರು ಎದ್ದುನಿಂತರು. ಮೇಲಿನ ಸಾಲಿನ ಎಡತುದಿ ಆಗಲೇ ಬೆಳ್ಳಗಾಗಿತ್ತು.

"ಬಾಮ್ಮಾ ಇಲ್ಲಿ," ಎಂದು ಅವಳನ್ನು ಗೋಡೆಯ ಎದುರಿಗೆ ಕರೆದುಕೊಂಡು ಹೋದರು. "ಎರಡು ವಾರ ದಾಟಿದ ಕೆಮ್ಮೇ ಅಂತ ಬರ್ದಿದೆ. ನಿರ್ಲಕ್ಷ್ಯ ಬೇಡ ಅಂತ ಬರ್ದಿದೆ. ಕಫ ಪರೀಕ್ಷೆ ಮಾಡಿಸಿ. ಔಷಧಿ ಉಚಿತ. ಪೂರ್ತಿ..." ಕೊನೆಯ ಸಾಲು ಇನ್ನೂ ಕಾಣುತ್ತಿತ್ತು. "ಪೂರ್ತಿ ವಾಸಿಯಾಗುತ್ತೆ ಅಂತ ಬರ್ದಿದೆ."

ಅವಳು ಗೋಡೆಯನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿದಳು. ಆಮೇಲೆ, "ಧೂಳಿನ ಕೆಮ್ಮಿಗೂನಾ?" ಎಂದಳು.

"ಧೂಳು ಅಂತ ಯಾರು ಹೇಳಿದ್ದು ನಿಂಗೆ?"

"ನಮ್ಮನೆಯವ್ರು."

ಮೇಷ್ಟ್ರಿಗೆ ಆ ಗಂಡಸನ್ನು ಬೈಯಬೇಕೆನ್ನಿಸಿತು, ಬೈಯುವ ಯೋಗ್ಯತೆ ತಮಗಿಲ್ಲ ಎನ್ನಿಸಿತು. "ಅವ್ರಿಗೆ ಗೊತ್ತಿರಲ್ಲಮ್ಮಾ," ಎಂದರು. "ನೀನು ಹೋಗಿ ತೋರಿಸ್ಕೊ. ಯಾರು ಏನೇ ಹೇಳ್ಲಿ, ತೋರಿಸ್ಕೊ."

"ಹೇಳಿದ್ರೆ ನಂಬಬೇಕಲ್ಲ ಅವ್ರು. ಗೋಡೇಲಿ ಬರ್ದಿತ್ತು ಅಂತೀನಿ." ಅವಳು ಸೆರಗು ಸರಿಮಾಡಿಕೊಂಡು ಗೋಡೆಯ ಕಡೆಗೆ ನೆಟ್ಟಗೆ ನಿಂತಳು. "ಇನ್ನೊಂದ್ಸಲ ಓದಿ ಅಣ್ಣಾ, ಬಾಯಿಪಾಠ ಮಾಡ್ಕೊತೀನಿ."

ಮೇಷ್ಟ್ರು ತಿರುಗಿ ನೋಡಿದರು. ಬಿಸಿಲು ಚುರುಕಾಗಿತ್ತು. ಗೋಡೆ ಮೇಲಿನಿಂದ ಕೆಳಗಿನವರೆಗೆ ಬೆಳ್ಳಗಿತ್ತು.

ಅವರು ಹತ್ತಿರ ಹೋಗಿ ಮೇಲಿನ ಸಾಲಿದ್ದ ಜಾಗಕ್ಕೆ ಬೆರಳಿಟ್ಟು ಓದತೊಡಗಿದರು. ಅವಳು ಒಂದೊಂದನ್ನೂ ಹಿಂದಿನಿಂದ ಹೇಳುತ್ತ ಬಂದಳು. ಬೆರಳು ಒಂದೊಂದು ಸಾಲಿನಲ್ಲೂ ಎಡದಿಂದ ಬಲಕ್ಕೆ ನೆಟ್ಟಗೆ ಹೋಯಿತು. ಕೊನೆಯ ಸಾಲಿಗೆ ಬಂದಾಗ ಮಾತ್ರ, ಬಲಗಡೆಗೆ ಹೋಗುತ್ತ ಹೋಗುತ್ತ, ಸ್ವಲ್ಪ ಕೆಳಗಿಳಿಯಿತು.