ಉಳಿದ ಇನ್ನೂರ ತೊಂಬತ್ತಮೂರು

ಮೇಜಿನ ಒಂದು ತುದಿಯನ್ನು ಪ್ರಿಂಟರ್ ಅಣ್ಣ ಎತ್ತಿದ, ಇನ್ನೊಂದನ್ನು ಅವಳು. ಸರ್ ಮನೆಯ ಮುಂದಿನ ಕೋಣೆಯಲ್ಲಿ ಜಾಗ ಮಾಡಬೇಕಿತ್ತು. ಆಸ್ಪತ್ರೆಯಿಂದ ಹೊರಟಿದ್ದೇವೆ ಎಂದು ಆಗಲೇ ಫೋನು ಬಂದಿತ್ತು. ಮೇಜು ಹೋಗಿ ಬಾಗಿಲಲ್ಲಿ ಸಿಕ್ಕಿಕೊಂಡಿತು.

“ಓರೆ ಮಾಡಮ್ಮ, ಓರೆ ಮಾಡು. ಸರ್ ಇದ್ದಿದ್ರೆ ಮೊದಲು ಬಾಗಿಲು ಅಳೆದು ಆಮೇಲೆ ಮೇಜು ಮುಟ್ಟೋರು,” ಎಂದ ಪ್ರಿಂಟರ್ ಅಣ್ಣ.

ಬಸ್ ಡಿಪೋದ ಕಂಪ್ಯೂಟರ್ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಡ್ಯೂಟಿ ಪಟ್ಟಿ ಮುದ್ರಿಸಿ ಗೋಡೆಗೆ ಅಂಟಿಸುವವನು ಅವನು. ಆ ಪಟ್ಟಿಯನ್ನು ತಯಾರಿಸುವ ಪ್ರೋಗ್ರಾಮು ಬರೆದವರು ಈಗ ತೀರಿಕೊಂಡ ಸರ್. ನೂರ ಎಂಬತ್ತು ಜನರಲ್ಲಿ ಯಾರಿಗೆ ಯಾವ ಬಸ್ಸು, ಯಾರಿಗೆ ರಜೆ, ಎಲ್ಲ ಅದರದೇ ತೀರ್ಮಾನ. ಕಂಪ್ಯೂಟರು ಒಂದು ಎಚ್ಚರಿಕೆ ಕೊಟ್ಟರೂ ಊಟ ಬಿಟ್ಟು ಕೂರುತ್ತಿದ್ದುದರಿಂದ ಡಿಪೋದವರು ಅವರಿಗೆ ‘ವಾರ್ನಿಂಗ್ ಸರ್’ ಎಂದು ಹೆಸರಿಟ್ಟಿದ್ದರು. ಅವಳು ಅವರ ಕೈಕೆಳಗೆ ಕೆಲಸ ಕಲಿತವಳು. ಅವರ ಬಾಯಲ್ಲಿ ‘ಮರಿ’.

ಒಂಬತ್ತರ ಹೊತ್ತಿಗೆ ಸರ್ ಮನೆಗೆ ಬಂದರು, ಮಲಗಿಕೊಂಡು. ಡ್ರೈವರುಗಳು ಪಾಳಿಯ ನಡುವೆ ಬಿಡುವು ಮಾಡಿಕೊಂಡು ಸಮವಸ್ತ್ರದಲ್ಲೇ ಬಂದು ನಿಂತರು.

“ನನ್ನ ಹೆಂಡ್ತಿಗೆ ದಿನ ತುಂಬಿತ್ತು. ರಜೆ ಕೇಳೋಕೆ ನಾನೇ ಮರೆತಿದ್ದೆ,” ಎಂದನೊಬ್ಬ ಕಂಡಕ್ಟರ್. “ಪಟ್ಟಿ ನೋಡಿದ್ರೆ ಮೂರು ದಿನ ನನ್ನ ಹೆಸರೇ ಇಲ್ಲ. ಇವರು ನೆನಪಿಟ್ಕೊಂಡಿದ್ರು.”

ಸರ್ ಹೆಂಡತಿಯ ತಮ್ಮ ಗಡಿಯಾರ ನೋಡುತ್ತ ಅವಳ ಬಳಿ ಬಂದ. “ಹನ್ನೊಂದಕ್ಕೆ ಗಾಡಿ ಬರುತ್ತೆ. ಸ್ಮಶಾನದಲ್ಲಿ ಆಫೀಸಿನ ಪರವಾಗಿ ನೀವೇ ಎರಡು ಮಾತಾಡಿ. ಆ ಮುನ್ನೂರ ಹನ್ನೆರಡು ವಾರ್ನಿಂಗ್ ಸರಿಮಾಡಿದ ಕತೆ ಹೇಳಿಬಿಡಿ, ಸಾಕು. ಯಾರೇ ಮನೆಗೆ ಬಂದ್ರೂ ಭಾವ ನಿಮ್ಮನ್ನ ಹೊಗಳೋರು.”

ಅವಳು ಅಡುಗೆಮನೆಯ ಕಡೆ ಹೊರಟಳು.

*

ಐದು ವರ್ಷದ ಹಿಂದಿನ ಮಾತು. ಸರ್ ನಿವೃತ್ತಿಗೆ ಒಂದು ತಿಂಗಳಿತ್ತು. ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವಂತೆ ತಿರುಗಿಸಿಕೊಡುವ ಕಂಪೈಲರನ್ನು ಆಗಷ್ಟೇ ಹೊಸದಾಗಿ ಹಾಕಿಸಿದ್ದರು. ಅದು ಪರದೆಯ ತುಂಬ ಒಂದೇ ರಾಗ ಎಳೆಯುತ್ತಿತ್ತು: ಈ ಹೆಡರ್ ಹಳೆಯದು, ಹೊಸದನ್ನು ಬಳಸಿ. ಪ್ರತಿ ಫೈಲಿನ ಮೊದಲಲ್ಲಿ, ಬೇಕಾದ ಸಿದ್ಧ ಸಾಮಗ್ರಿಯನ್ನು ಹೆಸರು ಹಿಡಿದು ಕರೆಯುವ ಸಾಲು ಇರುತ್ತದೆ; ಹಾಗೆ ಕರೆಸಿಕೊಳ್ಳುವುದೇ ಹೆಡರ್. ಹೆಸರುಗಳು ಬದಲಾಗಿ ಎಷ್ಟೋ ಕಾಲವಾಗಿತ್ತು. ಡಿಪೋದ ಮುನ್ನೂರ ಹನ್ನೆರಡು ಫೈಲುಗಳು ಮಾತ್ರ ಹಳೆಯ ಹೆಸರಿನಲ್ಲೇ ಕೂಗುತ್ತಿದ್ದವು.

“ಕೆಲಸ ನಡೀತಿದೆಯಲ್ಲ ಸರ್, ಬಿಡಿ,” ಎಂದಿದ್ದಳು.

“ನಡೀತಿದೆ ಮರಿ. ಎರರ್ ಬಂದ್ರೆ ಕಂಪೈಲರ್ ಬಾಗಿಲಲ್ಲೇ ತಡೆಯುತ್ತೆ. ವಾರ್ನಿಂಗ್ ಅಂದ್ರೆ ಒಳಗೆ ಬಿಡುತ್ತೆ, ಆದ್ರೆ ಮುಂದಿನ ಸಲ ಬಿಡ್ತೀನೋ ಇಲ್ವೋ ಅಂತ ಹೇಳಿ ಬಿಡುತ್ತೆ. ಒಂದಿನ ಈ ಹಳೇ ಹೆಡರುಗಳನ್ನ ತೆಗೆದೇ ಹಾಕ್ತಾರೆ. ಅವತ್ತು ಬೆಳಗ್ಗೆ ಐದಕ್ಕೆ ನೂರ ಎಂಬತ್ತು ಜನ ಪಟ್ಟಿ ಇಲ್ದೆ ಡಿಪೋದಲ್ಲಿ ನಿಂತಿರ್ತಾರೆ.”

ಎಲ್ಲ ಸರಿಮಾಡಲು ಅವಳು ಒಪ್ಪಿಕೊಂಡಳು. ಆದರೆ ಹೆಡರ್ ಬದಲಿಸಿದರೆ ಕೆಳಗಿನ ಸಾಲುಗಳೂ ಮುನಿಸಿಕೊಳ್ಳುತ್ತಿದ್ದವು. ಅವನ್ನೂ ಒಂದೊಂದಾಗಿ ರಮಿಸಬೇಕಿತ್ತು. ಹತ್ತೊಂಬತ್ತು ಫೈಲು ಮುಗಿಸುವಷ್ಟರಲ್ಲಿ ಸಾಕುಸಾಕಾಯಿತು. ಮನೆಯಲ್ಲಿ ಮಗಳಿಗೆ ಜ್ವರ ಬೇರೆ. ಸರ್ ಕೊನೆಯ ದಿನದ ಹಿಂದಿನ ಸಂಜೆ ಅವಳು ಕಂಪೈಲರಿಗೆ ಒಂದೇ ಒಂದು ಆದೇಶ ಸೇರಿಸಿದಳು: ಎಚ್ಚರಿಕೆ ತೋರಿಸಬೇಡ. ಆಮೇಲೆ ನಿಧಾನವಾಗಿ ಸರಿಮಾಡಿದರಾಯಿತು ಎಂದುಕೊಂಡಳು.

ಮರುದಿನ ಸರ್ ಖಾಲಿ ಪರದೆಯನ್ನೇ ನೋಡುತ್ತ ನಿಂತರು. “ಒಂದೂ ಇಲ್ವಲ್ಲ!” ಅವರ ಕಣ್ಣು ತುಂಬಿತು. “ಇನ್ನು ನಾನು ನೆಮ್ಮದಿಯಾಗಿ ಮನೆಗೆ ಹೋಗ್ತೀನಿ ಮರಿ.”

ನಿಜ ಅವಳ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು. ಎಲ್ಲವನ್ನೂ ಎರಡೆರಡು ಸಲ ತಪಾಸಣೆ ಮಾಡುವ ಮನುಷ್ಯ ಅದೊಂದನ್ನು ಮಾತ್ರ ತಪಾಸಣೆ ಮಾಡಲಿಲ್ಲ, ಅವಳು ಮಾಡಿದ್ದಲ್ಲವೇ ಎಂದು. ಇವತ್ತು ನಾಳೆ ಎನ್ನುತ್ತ ಐದು ವರ್ಷ ಉರುಳಿತು.

*

ಸರ್ ಹೆಂಡತಿ ಅಡುಗೆಮನೆಯಲ್ಲಿ ಬಂದವರಿಗೆ ಚಹಾ ಕುದಿಸುತ್ತಿದ್ದರು. ಎಲ್ಲರೂ ಬೇಡವೆಂದರೂ ಕೇಳಿರಲಿಲ್ಲ; ಕೈ ಸುಮ್ಮನಿದ್ದರೆ ತಡೆಯಲಾಗುವುದಿಲ್ಲ ಎಂದಿದ್ದರು.

“ಅಮ್ಮ, ಆ ಕೆಲಸ ನಾನು ಮಾಡಿಲ್ಲ.” ಅವಳು ಒಂದೇ ಉಸಿರಿಗೆ ಎಲ್ಲ ಹೇಳಿದಳು. “ಅವರ ಮುಂದೆ ನಿಂತು ಇನ್ನೊಂದ್ಸಲ ಸುಳ್ಳು ಹೇಳೋಕೆ ನನ್ನ ಕೈಲಾಗಲ್ಲ.”

ಅಮ್ಮ ಒಲೆ ಆರಿಸಿದರು. “ಅಂದ್ರೆ ಅವು ಇನ್ನೂ ಹಾಗೇ ಇವೆಯಾ?”

“ಇನ್ನೂರ ತೊಂಬತ್ತಮೂರು ಇವೆ. ಕಾಣಿಸಲ್ಲ, ಅಷ್ಟೆ.”

ಬೈದಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಅಮ್ಮ ಬೈಯಲಿಲ್ಲ. ಸ್ಟೂಲು ಹತ್ತಿ, ಮೇಲಿನ ಡಬ್ಬಿಗಳ ಹಿಂದೆ ಕೈಹಾಕಿ, ಮಡಿಸಿದ ಹಾಳೆಯೊಂದನ್ನು ತೆಗೆದರು.

“ಹೋದ ವರ್ಷದ ಆಸ್ಪತ್ರೆ ರಿಪೋರ್ಟು. ಹೃದಯ ಸೋತಿದೆ, ಹೆಚ್ಚು ದಿನ ತಡೆಯಲ್ಲ ಅಂತ ಡಾಕ್ಟ್ರು ನನ್ನೊಬ್ಬಳನ್ನೇ ಕರೆದು ಹೇಳಿದ್ರು. ನಾನು ಹೊರಗೆ ಬಂದು, ಎಲ್ಲ ಸರಿಯಾಗಿದೆಯಂತೆ ರೀ, ಅಂದೆ. ಮನೆವರೆಗೂ ಶಿಳ್ಳೆ ಹಾಕ್ಕೊಂಡು ಬಂದ್ರು. ಆ ಶಿಳ್ಳೆ ಕೇಳಿದ್ಮೇಲೆ ನಿಜ ನನ್ನ ಬಾಯಿಂದ ಹೇಗೆ ಬರುತ್ತೆ, ನೀನೇ ಹೇಳು?”

ಅವಳು ಅವರ ಕೈ ಹಿಡಿದುಕೊಂಡಳು. ಇಬ್ಬರೂ ಅತ್ತರು, ಬೆಳಗಿನಿಂದ ಬಾರದೇ ಇದ್ದ ಅಳು.

“ಜೀವಮಾನವೆಲ್ಲ ಎಚ್ಚರಿಕೆಗೆ ಕಿವಿಗೊಟ್ಟ ಮನುಷ್ಯ,” ಎಂದರು ಅಮ್ಮ ಮೂಗೊರೆಸಿಕೊಂಡು. “ಅವರಿಗೆ ಸೇರಬೇಕಾದ ಎರಡನ್ನ ನಾವಿಬ್ಬರು ತಡೆದುಬಿಟ್ವಿ. ಬಾ, ಗಾಡಿ ಬರೋದ್ರೊಳಗೆ ಹೇಳಿಬಿಡೋಣ.”

ಮುಂದಿನ ಕೋಣೆಯಲ್ಲಿದ್ದವರನ್ನು ಅಮ್ಮ ಸ್ವಲ್ಪ ಹೊತ್ತು ಹೊರಗೆ ಕಳಿಸಿದರು. ಅವಳು ಸರ್ ಪಕ್ಕ ನೆಲದ ಮೇಲೆ ಕೂತಳು.

“ಸರ್, ನಾನು ಮಾಡಿದ್ದು ಹತ್ತೊಂಬತ್ತೇ. ಉಳಿದವನ್ನ ಮುಚ್ಚಿಟ್ಟೆ. ಸೋಮವಾರದಿಂದ ದಿನಕ್ಕೆ ಎರಡು ಮಾಡ್ತೀನಿ. ತಪ್ಪಾಯ್ತು ಸರ್.”

“ಕೇಳಿಸ್ಕೊಂಡ್ರಾ?” ಎಂದು ಅಮ್ಮ ಗಂಡನ ಹಣೆ ಸವರಿದರು. ಆಮೇಲೆ ಹಾಳೆ ಬಿಡಿಸಿ ಓದತೊಡಗಿದರು. ಅರ್ಥವಾಗದ ವೈದ್ಯರ ಪದಗಳನ್ನು ಅಕ್ಷರ ಕೂಡಿಸಿಕೊಂಡು, ಎಡವಿದಲ್ಲಿ ಮತ್ತೆ ಮೊದಲಿನಿಂದ, ಒಂದನ್ನೂ ಬಿಡದೆ ಓದಿದರು. ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಅಮ್ಮನ ತಮ್ಮ ಬಾಗಿಲಿಗೆ ಬಂದು ಅಕ್ಕನನ್ನು ಕರೆಯಹೋದವನು, ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು ಹೊರಗೇ ನಿಂತ.

ಹಾಳೆಯ ಹಿಂಬದಿಯಲ್ಲೂ ಬರೆದಿತ್ತು. ಅಮ್ಮ ಅದನ್ನು ಮಗುಚಿ, ಗಂಡನ ಕಿವಿಗೆ ಇನ್ನಷ್ಟು ಹತ್ತಿರ ಬಗ್ಗಿ, ಮುಂದಕ್ಕೆ ಓದಿದರು.