ದೊರೆಯ ಹುಟ್ಟುಹಬ್ಬದ ತೋಪು

ಅಮೆರಿಕದ ಮ್ಯಾಸಚೂಸೆಟ್ಸ್ ಕಡಲಂಚಿನ ಆ ಮೀನುಗಾರರ ಊರಿನಲ್ಲಿ ಲಂಡನ್ನಿನ ದೊರೆಯ ಪರ ಕೊನೆಯವರೆಗೂ ಮಾತಾಡಿದವನು ಮುದುಕ ಅಬೈಜಾ ಒಬ್ಬನೇ. ವರ್ಷಕ್ಕೊಮ್ಮೆ ದೊರೆಯ ಹುಟ್ಟುಹಬ್ಬದ ದಿನ ಗುಡ್ಡದ ಮೇಲಿನ ಹಳೆಯ ತೋಪಿಗೆ ಗುಂಡಿಲ್ಲದೆ ಬರೀ ಮದ್ದು ತುಂಬಿ ಹಾರಿಸುವುದು ಅವನ ಮನೆಯವರಿಗೆ ಸಂದ ಮರ್ಯಾದೆ. ಮಗ ಸೈಲಸ್ ಮದ್ದು ಜಡಿದರೆ ಅಪ್ಪ ಬತ್ತಿ ಮುಟ್ಟಿಸುತ್ತಿದ್ದ.

ತೆರಿಗೆಯ ಜಗಳದಲ್ಲಿ ಲಂಡನ್ನಿನ ಸರ್ಕಾರದವರು ಬಾಸ್ಟನ್ ಬಂದರು ಮುಚ್ಚಿಸಿದರು. ಆಮೇಲೆ ಮೀನಿಗೂ ಹೋಗಕೂಡದೆಂದರು. ಆಗಲೂ ಅಬೈಜಾನದು ಒಂದೇ ಮಾತು: "ಇದೆಲ್ಲ ಮಂತ್ರಿಗಳ ಕಿತಾಪತಿ ಕಣ್ರೋ. ದೊರೆಗೆ ಗೊತ್ತಾದ್ರೆ ಸುಮ್ನೆ ಬಿಡ್ತಾನಾ?"

"ಹೌದೌದು, ನಿನ್ನನ್ನ ಕೇಳ್ದೆ ದೊರೆ ಊಟಕ್ಕೂ ಕೂರಲ್ಲ," ಎಂದು ಪೀಪಾಯಿ ಮಾಡುವ ಕೇಲೆಬ್ ಕಿಚಾಯಿಸುತ್ತಿದ್ದ.

ಆ ವಸಂತದಲ್ಲಿ ಮನೆಯಲ್ಲಿ ಜೋಳದ ಹಿಟ್ಟು ಮುಗಿಯಿತು. ಸೈಲಸ್ ಕದ್ದುಮುಚ್ಚಿ ಕಡಲಿಗಿಳಿದ. ಬಂದರಿನ ಹೊರಗೆ ಕಾದಿದ್ದ ದೊರೆಯ ಯುದ್ಧನೌಕೆ ಅವನನ್ನು ದೋಣಿ ಸಮೇತ ಹಿಡಿಯಿತು.

ಹೋದ ವರ್ಷ ಒಣಗಿಸಿದ್ದ ಮೀನಿನಲ್ಲಿ ಚೆನ್ನಾಗಿದ್ದವನ್ನು ಆರಿಸಿ ಬುಟ್ಟಿಗೆ ತುಂಬಿಕೊಂಡು ಅಬೈಜಾ ಒಬ್ಬನೇ ಹುಟ್ಟು ಹಾಕುತ್ತ ಹಡಗಿನ ಬುಡಕ್ಕೆ ಹೋದ. ಕಪ್ತಾನ ಮೇಲಿನಿಂದ ಬಗ್ಗಿ ನೋಡಿದ.

"ಬುದ್ಧಿ, ನಾವೂ ದೊರೆಯ ಮಕ್ಕಳೇ. ನನ್ನ ಹುಡುಗನ್ನ ಬಿಟ್ಬಿಡಿ. ಪಾಪ, ದೊರೆಗೆ ಈ ವಿಷ್ಯ ಗೊತ್ತಿಲ್ಲ..."

"ಗೊತ್ತಿಲ್ವಾ? ನಿಮ್ಮ ದೋಣಿ ಹಿಡಿಯೋ ಈ ಕಾಯ್ದೆಗೆ ಒಪ್ಪಿಗೆ ಕೊಟ್ಟೋನೇ ದೊರೆ, ಮುದುಕಾ. ನೀವೀಗ ಶತ್ರುಗಳ ಲೆಕ್ಕ. ಸಿಕ್ಕಿಬಿದ್ದೋರು ನಮ್ಮಲ್ಲೇ ದುಡೀಬೇಕು. ನಿನ್ನ ಮಗನ್ನ ತೋಪಿನ ಕೆಲಸಕ್ಕೆ ಹಾಕಿದೀನಿ."

ಹಗ್ಗ ಇಳಿಬಿಟ್ಟು ಬುಟ್ಟಿಯನ್ನು ಮಾತ್ರ ಎಳೆದುಕೊಂಡರು. ತೋಪಿನ ಕಿಂಡಿಯೊಂದರಿಂದ ದನಿ ಬಂತು: "ಅಪ್ಪಾ, ಚೆನ್ನಾಗಿದೀನಿ ಅಂತ ಅಮ್ಮಂಗೆ ಹೇಳು!" ಮುಖ ಕಾಣಲಿಲ್ಲ.

ಮೇ ತಿಂಗಳಲ್ಲಿ ಪ್ರಾರ್ಥನಾ ಮಂದಿರದಲ್ಲಿ ಊರ ಸಭೆ ಸೇರಿತು. ವಸಾಹತುಗಳೆಲ್ಲ ಸೇರಿ ಇಂಗ್ಲೆಂಡಿನ ಹಂಗು ಕಡಿದುಕೊಳ್ಳುವುದಾದರೆ ಊರು ಪ್ರಾಣ ಪಣಕ್ಕಿಟ್ಟು ಜೊತೆಗೆ ನಿಲ್ಲುವುದೇ ಎಂಬುದೇ ಪ್ರಶ್ನೆ. ಅದುವರೆಗೆ ಊರಿನವರು ಆ ಹಡಗಿನ ಮೇಲೆ ಗುಂಡು ಹಾರಿಸಿರಲಿಲ್ಲ. ಒಪ್ಪಿದರೆ, ಹಡಗು ಇನ್ನು ಹತ್ತಿರ ಬಂದಾಗ ಹಾರಿಸಲೇಬೇಕು.

ಕೇಲೆಬ್ ಆವತ್ತು ಕಿಚಾಯಿಸಲಿಲ್ಲ. "ಅಬೈಜಾ, ನೀನು ಸುಮ್ನೆ ಕೂತ್ರೂ ಯಾರೂ ತಪ್ಪು ತಿಳಿಯಲ್ಲಪ್ಪ."

ಅಬೈಜಾ ಬೆಂಚು ಹಿಡಿದು ಎದ್ದ. "ಬೇಡ ಅಂದ್ರೆ, ಮಗನ್ನ ಎಳ್ಕೊಂಡು ಹೋದೋನಿಗೇ ಕೈ ಮುಗಿದ ಹಾಗೆ. ಹೂಂ ಅಂದ್ರೆ, ನಾವು ಸಾಕಿದ ತೋಪು ನನ್ನ ಮಗನ ಕಡೆಗೇ ತಿರುಗುತ್ತೆ. ಇಷ್ಟು ವರ್ಷ ದೊರೆ ಹತ್ರ ಹೇಳ್ಕೊಂಡ್ರೆ ಆಯ್ತು ಅಂದ್ಕೊಂಡಿದ್ದೆ. ಅವನೇ ಒಪ್ಪಿಗೆ ಕೊಟ್ಟಿದಾನಂತೆ. ಇನ್ನು ಯಾರ ಹತ್ರ ಹೋಗ್ಲಿ, ಹೇಳ್ರಪ್ಪ?"

ಒಪ್ಪುವವರು ಕೈ ಎತ್ತಬೇಕೆಂದು ಸಭೆಯಲ್ಲಿ ಕೂಗಿದರು. ಅವನು ಎಲ್ಲರೊಡನೆ ಕೈ ಎತ್ತಿದ.

ಮನೆಯಂಗಳದಲ್ಲಿ ಮೀನು ಒಣಹಾಕುವ ಅಟ್ಟಣಿಗೆಗಳು ಬರಿದಾಗಿದ್ದವು. ಹೆಂಡತಿ ಮರ್ಸಿ ಅವುಗಳ ನಡುವೆ ನಿಂತು ಕಡಲು ನೋಡುತ್ತಿದ್ದಳು.

"ಏನಂದ್ರು?"

"ಎಲ್ರೂ ಹೂಂ ಅಂದ್ರು."

"ನೀವು?"

"ನಾನೂ."

ಗುಡ್ಡದ ಮೇಲೆ ಹುಡುಗರು ತೋಪಿನ ಬಳಿಗೆ ಕಬ್ಬಿಣದ ಗುಂಡುಗಳನ್ನು ಸಾಗಿಸುತ್ತಿದ್ದರು. ಬೆಳಗಿನಿಂದ ನೆಲದ ಕಡೆಯಿಂದ ಬೀಸುತ್ತಿದ್ದ ಗಾಳಿ ತಿರುಗಿ ಈಗ ಕಡಲಿನಿಂದ ಬರತೊಡಗಿತ್ತು. ಮರ್ಸಿ ಗಾಳಿಗೆ ಮುಖ ಒಡ್ಡಿದಳು.

"ಈ ಗಾಳಿಗೇ ಅಲ್ವಾ ನಮ್ಮ ಹುಡುಗ ಮನೆಗೆ ಬರ್ತಿದ್ದದ್ದು," ಎಂದಳು.

ಅಬೈಜಾ ಹೂಂಗುಟ್ಟಿದ. ದೂರದಲ್ಲಿ ಆ ಯುದ್ಧನೌಕೆ ಒಂದೊಂದೇ ಹಾಯಿ ಬಿಚ್ಚಿ ಬಂದರಿನ ಕಡೆ ಮುಖ ತಿರುಗಿಸುತ್ತಿತ್ತು.